ಪಟ್ಟಿಗೆ ಯಾವ ಬಾಗಿಲು: ಸಣ್ಣ ಉದ್ಯಮದ ಇಮೇಲ್ ಸುದ್ದಿಪತ್ರಕ್ಕೊಂದು ಹೋಲಿಕೆಯ ಮಾರ್ಗದರ್ಶಿ

ಸಣ್ಣ ಉದ್ಯಮ ನಡೆಸುವವರು ಇಮೇಲ್ ಸುದ್ದಿಪತ್ರ ಆರಂಭಿಸಲು ಹೊರಟಾಗ ಮೊದಲು ಕೇಳುವುದು ‘ಯಾವ ತಂತ್ರಾಂಶ ಒಳ್ಳೆಯದು’ ಎಂದು. ನನ್ನ ಮಟ್ಟಿಗೆ ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ಓದುಗರು ಯಾವ ಬಾಗಿಲಿನಿಂದ ಪಟ್ಟಿಯೊಳಗೆ ಬಂದರು, ಬರುವಾಗ ಅವರಿಗೆ ಏನು ಹೇಳಲಾಗಿತ್ತು ಎಂಬ ಎರಡು ಸಂಗತಿಗಳೇ ಮುಂದಿನ ಬಹುಪಾಲನ್ನು ತೀರ್ಮಾನಿಸಿಬಿಟ್ಟಿರುತ್ತವೆ. ಪಟ್ಟಿ ಬೆಳೆಸುವುದು ಒಂದು ಕೆಲಸ, ಬಂದವರು ಓದುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ ಎಂದು ಎರಡಾಗಿ ಸೀಳಿ ಹೇಳುವ ರೂಢಿ ಇದೆಯಾದರೂ, ಬಹುಮಾನದ ಆಸೆಗೆ ಬಂದವರನ್ನು ಎಷ್ಟು ಚೆಂದದ ಬರವಣಿಗೆಯಿಂದಲೂ ಓದುಗರನ್ನಾಗಿಸುವುದು ಕಷ್ಟವೆಂಬುದು ಪಟ್ಟಿ ನಡೆಸಿದವರಿಗೆಲ್ಲ ಗೊತ್ತು. ಆದ್ದರಿಂದ ಇಲ್ಲಿನ ಆಯ್ಕೆಗಳನ್ನೆಲ್ಲ ಒಂದೇ ಅಳತೆಗೋಲಿನಲ್ಲಿ ಅಳೆದಿದ್ದೇನೆ: ಈ ದಾರಿಯಲ್ಲಿ ಬಂದವರು, ಆರು ತಿಂಗಳ ಬಳಿಕ ಒಂದು ಪತ್ರ ತಪ್ಪಿದರೆ, ಅದು ಬರಲಿಲ್ಲವೆಂದು ಗಮನಿಸುವರೇ?

ಓದುಗರು ಒಳಬರುವ ದಾರಿಗಳು

ಎಲ್ಲಕ್ಕಿಂತ ಗಟ್ಟಿಯಾದ ಬಾಗಿಲು ಈಗಾಗಲೇ ನಿಮ್ಮಿಂದ ಏನನ್ನಾದರೂ ಕೊಂಡವರದು. ಅವರಿಗೆ ನಿಮ್ಮ ಹೆಸರು ಗೊತ್ತು, ಪತ್ರ ಬಂದಾಗ ‘ಇವರು ಯಾರು’ ಎಂಬ ಅನುಮಾನ ಏಳುವುದಿಲ್ಲ, ಪತ್ರದಲ್ಲಿರುವ ವಿಷಯ ಅವರ ಕೈಯಲ್ಲಿರುವ ವಸ್ತುವಿಗೇ ಸಂಬಂಧಿಸಿರುತ್ತದೆ. ಆದರೆ ಬಿಲ್ಲಿಗಾಗಿ ಕೊಟ್ಟ ವಿಳಾಸವನ್ನು ಸುದ್ದಿಪತ್ರಕ್ಕೂ ಕೊಟ್ಟಂತೆ ಎಂದು ಭಾವಿಸುವುದು ತಪ್ಪು. ಹಣ ಪಾವತಿಸುವ ಪುಟದಲ್ಲಿ ‘ಸುದ್ದಿಪತ್ರವೂ ಬೇಕು’ ಎಂದು ಗುರುತು ಹಾಕಲು ಪ್ರತ್ಯೇಕವಾದ ಒಂದು ಚೌಕವಿರಲಿ, ಅದು ಮೊದಲಿಗೆ ಖಾಲಿಯಾಗಿಯೇ ಇರಲಿ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ, ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ಒಪ್ಪಿಗೆ ಪಡೆದದ್ದಕ್ಕೆ ಪುರಾವೆ ತೋರಿಸುವ ಹೊಣೆಯನ್ನೂ ಕಳಿಸುವವರ ಮೇಲೆಯೇ ಹೊರಿಸುತ್ತದೆ. 2014ರಲ್ಲಿ ಜಾರಿಗೆ ಬಂದ ಕೆನಡಾದ ಕಾನೂನು ಸ್ವಲ್ಪ ಬೇರೆ ರೀತಿಯಲ್ಲಿ ಯೋಚಿಸುತ್ತದೆ: ಖರೀದಿಯಾದ ಮೇಲೆ ಎರಡು ವರ್ಷ, ಬರಿಯ ವಿಚಾರಣೆಯಾದರೆ ಆರು ತಿಂಗಳು, ಅಷ್ಟರವರೆಗೆ ಒಪ್ಪಿಗೆ ಇದೆಯೆಂದು ಭಾವಿಸಬಹುದು ಎನ್ನುತ್ತದೆ. ಕಾನೂನನ್ನು ಬದಿಗಿಟ್ಟರೂ, ಸಂಬಂಧಕ್ಕೆ ಒಂದು ಅವಧಿ ಇದೆಯೆಂಬ ಆ ನೋಟದಲ್ಲಿ ವ್ಯವಹಾರಜ್ಞಾನವಿದೆ. ಮೂರು ವರ್ಷದ ಹಿಂದೆ ಒಮ್ಮೆ ಕೊಂಡವರಿಗೆ ನಿಮ್ಮ ನೆನಪಿರುವ ಸಾಧ್ಯತೆ ಕಡಿಮೆ.

ಎರಡನೆಯದು ಜಾಲತಾಣದಲ್ಲಿರುವ ನೋಂದಣಿಯ ಪೆಟ್ಟಿಗೆ. ಇದರಲ್ಲಿ ಬಣ್ಣ, ಗಾತ್ರ, ಸ್ಥಳಗಳಿಗಿಂತ ವಾಕ್ಯವೇ ಮುಖ್ಯ. ಸೈಕಲ್ ದುರಸ್ತಿ ಮಾಡುವ ಒಂದು ಉದ್ಯಮವನ್ನು ಊಹಿಸಿಕೊಳ್ಳಿ. ಅಲ್ಲಿ ‘ನಮ್ಮ ಸುದ್ದಿಪತ್ರಕ್ಕೆ ಚಂದಾದಾರರಾಗಿ, ಹೊಸ ಸಂಗತಿಗಳನ್ನು ತಿಳಿಯಿರಿ’ ಎಂದು ಬರೆದಿದ್ದರೆ ಓದುಗರಿಗೆ ಸಿಗುವುದೇನೆಂದು ಅದು ಹೇಳುವುದೇ ಇಲ್ಲ. ‘ತಿಂಗಳಿಗೆ ಎರಡು ಪತ್ರ. ಪ್ರತಿಯೊಂದರಲ್ಲೂ ನೀವೇ ಮಾಡಬಹುದಾದ ಒಂದು ದುರಸ್ತಿ, ಚಿತ್ರಸಮೇತ. ಮೊದಲನೆಯದು: ಚೈನು ಸವೆದಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುವ ಬಗೆ’ ಎಂದು ಬರೆದರೆ ಎಷ್ಟು ಸಲ ಬರುತ್ತದೆ, ಏನು ಬರುತ್ತದೆ, ಯಾರಿಗೆ ಉಪಯೋಗ ಎಂಬ ಮೂರೂ ಒಂದೇ ಉಸಿರಿನಲ್ಲಿ ತಿಳಿಯುತ್ತವೆ. ಎರಡನೆಯ ವಾಕ್ಯವನ್ನು ಓದಿ ಹೊರಟುಹೋದವರು ಹೇಗೂ ಓದುತ್ತಿರಲಿಲ್ಲ. ಹಳೆಯ ಪತ್ರಗಳಲ್ಲಿ ಒಂದೆರಡನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟು, ಪೆಟ್ಟಿಗೆಯ ಪಕ್ಕದಲ್ಲೇ ಅದರ ಕೊಂಡಿ ಕೊಡುವುದು ಇನ್ನೂ ಒಳ್ಳೆಯದು. ಇಷ್ಟು ಸುಲಭವಾದದ್ದನ್ನು ಎಷ್ಟೋ ಉದ್ಯಮಗಳು ಏಕೆ ಮಾಡುವುದಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ.

ಮೂರನೆಯದು ಆಮಿಷದ ಬಾಗಿಲು: ಉಚಿತ ಕೈಪಿಡಿ, ರಿಯಾಯಿತಿ ಸಂಕೇತ, ಲಕ್ಕಿ ಡ್ರಾ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಕೈಪಿಡಿಯ ವಿಷಯವೂ ಪತ್ರಗಳ ವಿಷಯವೂ ಒಂದೇ ಆಗಿದ್ದರೆ, ಕೈಪಿಡಿಗಾಗಿ ಬಂದವರು ಪತ್ರವನ್ನೂ ಓದುವುದು ಸಹಜ. ರಿಯಾಯಿತಿಗೆ ಬಂದವರು ರಿಯಾಯಿತಿ ಬಳಸಿಕೊಂಡ ಮೇಲೆ ಮುಂದಿನ ರಿಯಾಯಿತಿಗಾಗಿ ಕಾಯುತ್ತಾರೆ. ಆಗಾಗ ಕೊಳ್ಳುವ, ಲಾಭದಲ್ಲಿ ಸ್ವಲ್ಪ ಬಿಟ್ಟುಕೊಡಬಹುದಾದ ಸರಕಾದರೆ ಇದು ತಪ್ಪೇನಲ್ಲ, ಆದರೆ ವರ್ಷಕ್ಕೊಮ್ಮೆ ಕೊಳ್ಳುವ ಸರಕಿಗೆ ಇದು ದುಬಾರಿಯ ಹವ್ಯಾಸವಾಗುತ್ತದೆ. ಲಕ್ಕಿ ಡ್ರಾ ನಡೆಸಲೇಬೇಕೆಂದಿದ್ದರೆ ಬಹುಮಾನವಾಗಿ ಎಲ್ಲರಿಗೂ ಬೇಕಾದ ಮೊಬೈಲ್ ಫೋನನ್ನು ಇಡದೆ, ನಿಮ್ಮ ಗಿರಾಕಿಗಳಿಗೆ ಮಾತ್ರ ಬೇಕೆನಿಸುವ ವಸ್ತುವನ್ನು ಇಡಿ. ಇಲ್ಲದಿದ್ದರೆ ಹತ್ತು ನಿಮಿಷ ಮಾತ್ರ ಬದುಕುವ ತಾತ್ಕಾಲಿಕ ಇಮೇಲ್ ವಿಳಾಸಗಳು ಪಟ್ಟಿಯ ತುಂಬ ಬಂದು ಕೂರುತ್ತವೆ.

ನಾಲ್ಕನೆಯದು ಬೇರೊಬ್ಬರ ಸುದ್ದಿಪತ್ರದಲ್ಲಿ ನಿಮ್ಮ ಪತ್ರದ ಉಲ್ಲೇಖ. ಗಿರಾಕಿಗಳು ಒಂದೇ, ಸರಕು ಬೇರೆ ಎಂಬಂಥ ಇಬ್ಬರು ಉದ್ಯಮಿಗಳು ಪರಸ್ಪರರ ಪತ್ರವನ್ನು ತಮ್ಮ ಓದುಗರಿಗೆ ಎರಡು ಸಾಲಿನಲ್ಲಿ ಪರಿಚಯಿಸುವುದು ಖರ್ಚಿಲ್ಲದ ದಾರಿ. ಹೀಗೆ ಬರುವವರಿಗೆ ಇಮೇಲಿನಲ್ಲಿ ಓದುವ ಅಭ್ಯಾಸ ಆಗಲೇ ಇರುತ್ತದೆ, ನಂಬುವವರ ಮಾತಿನ ಮೇಲೆ ಬಂದಿರುತ್ತಾರೆ. ನನ್ನ ಅಳತೆಗೋಲಿನಲ್ಲಿ ಇದು ಕೊಂಡವರ ಬಾಗಿಲಿನ ನಂತರದ ಸ್ಥಾನ ಪಡೆಯುತ್ತದೆ. ಇದರ ಮಿತಿಯೆಂದರೆ ವೇಗ. ತಕ್ಕ ಜೊತೆಗಾರರು ಬೆರಳೆಣಿಕೆಯಷ್ಟೇ ಇರುತ್ತಾರೆ.

ಜಾಹೀರಾತಿನಿಂದ ಓದುಗರನ್ನು ತರುವುದು ಲೆಕ್ಕದ ಪ್ರಶ್ನೆ. ಒಬ್ಬ ಓದುಗ ವರ್ಷದಲ್ಲಿ ಸರಾಸರಿ ಎಷ್ಟು ಲಾಭ ತರುತ್ತಾರೆಂದು ನಿಮಗೆ ತಿಳಿದಿಲ್ಲವಾದರೆ ಜಾಹೀರಾತಿಗೆ ಇನ್ನೂ ಸಮಯ ಬಂದಿಲ್ಲ. ತಿಳಿದಿದ್ದರೆ, ಒಂದೇ ಜಾಹೀರಾತಿನಿಂದ ನೂರು ಜನರನ್ನು ತಂದು, ಮೂರು ತಿಂಗಳು ಕಾದು, ಅವರಲ್ಲಿ ಎಷ್ಟು ಮಂದಿ ಉಳಿದರು ಎಂದು ನೋಡಿದ ಮೇಲೆ ಮುಂದಿನ ಹೆಜ್ಜೆ ಇಡಬಹುದು.

ಕೊಂಡುಕೊಂಡ ಪಟ್ಟಿಯ ಬಗ್ಗೆ ಹೋಲಿಸುವುದಕ್ಕೇನೂ ಇಲ್ಲ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್ ಅವರು ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಜಾಲದ ಸುಮಾರು ನಾನೂರು ಮಂದಿಗೆ ಕೇಳದೆಯೇ ಕಂಪ್ಯೂಟರ್ ಜಾಹೀರಾತು ಕಳಿಸಿದ್ದನ್ನು ಮೊದಲ ಸ್ಪ್ಯಾಮ್ ಎಂದು ಗುರುತಿಸಲಾಗುತ್ತದೆ. ಅಂದೂ ದೂರುಗಳು ಬಂದಿದ್ದವು. ಈಗ ದೂರಿನ ಜೊತೆಗೆ ಬಲೆಗಳೂ ಇವೆ. ಯಾರೂ ಬಳಸದ ಹಳೆಯ ವಿಳಾಸಗಳನ್ನು ಮೇಲ್ ಕಂಪನಿಗಳೂ ಸ್ಪ್ಯಾಮ್ ತಡೆಯುವ ಸಂಸ್ಥೆಗಳೂ ಬಲೆಯಾಗಿ ಇಟ್ಟಿರುತ್ತವೆ. ಮಾರಾಟದ ಪಟ್ಟಿಗಳಲ್ಲಿ ಅಂಥವು ಸೇರಿಕೊಂಡಿರುತ್ತವೆ, ಅವಕ್ಕೆ ಪತ್ರ ಹೋದರೆ ನಿಮ್ಮ ಡೊಮೈನಿಗೆ, ಅಂದರೆ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿಗೆ, ಮೇಲ್ ಕಂಪನಿಗಳ ಬಳಿ ಕಳಂಕ ಅಂಟುತ್ತದೆ. ಆಮೇಲೆ ನಿಜವಾದ ಗಿರಾಕಿಗಳಿಗೆ ಕಳಿಸಿದ ಬಿಲ್ಲೂ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುತ್ತದೆ.

ಒಮ್ಮೆ ಕೇಳುವುದೋ ಎರಡು ಸಲ ಕೇಳುವುದೋ

ವಿಳಾಸ ಬರೆದ ಕೂಡಲೇ ಪಟ್ಟಿಗೆ ಸೇರಿಸುವುದು ಒಂದು ಕ್ರಮ. ವಿಳಾಸಕ್ಕೆ ಮೊದಲೊಂದು ಪತ್ರ ಕಳಿಸಿ, ಅದರಲ್ಲಿನ ಕೊಂಡಿಯನ್ನು ಒತ್ತಿ ಖಚಿತಪಡಿಸಿದವರನ್ನು ಮಾತ್ರ ಸೇರಿಸುವುದು ಇನ್ನೊಂದು. ಮೊದಲ ಕ್ರಮದಲ್ಲಿ ಪಟ್ಟಿ ಬೇಗ ಬೆಳೆಯುತ್ತದೆ. ತಪ್ಪು ಅಕ್ಷರದ ವಿಳಾಸಗಳು, ತಮಾಷೆಗೆ ಯಾರೋ ಬರೆದ ಇನ್ನೊಬ್ಬರ ವಿಳಾಸಗಳು, ಯಂತ್ರಗಳು ತುಂಬಿದ ವಿಳಾಸಗಳು ಕೂಡ ಅಷ್ಟೇ ಬೇಗ ಸೇರುತ್ತವೆ. ಎರಡನೆಯ ಕ್ರಮದಲ್ಲಿ ಒಂದಷ್ಟು ನಿಜವಾದ ಆಸಕ್ತರೂ ಖಚಿತಪಡಿಸುವುದನ್ನು ಮರೆತು ಕಳೆದುಹೋಗುತ್ತಾರೆ, ಆದರೆ ಒಪ್ಪಿಗೆಗೆ ದಿನಾಂಕಸಮೇತ ಪುರಾವೆ ಉಳಿಯುತ್ತದೆ.

ಯಾರು ಬೇಕಾದರೂ ತುಂಬಬಹುದಾದ ಜಾಲತಾಣದ ಪೆಟ್ಟಿಗೆಗೆ, ಅದರಲ್ಲೂ ಲಕ್ಕಿ ಡ್ರಾ ಅಥವಾ ಜಾಹೀರಾತಿನಿಂದ ಬಂದವರಿಗೆ, ಎರಡು ಸಲ ಕೇಳುವುದೇ ಕ್ಷೇಮವೆಂದು ನಾನು ಹೇಳುತ್ತೇನೆ. ಹಣ ಪಾವತಿಸುವಾಗ ತಾವೇ ಚೌಕ ಗುರುತಿಸಿದವರಿಗೆ ಒಮ್ಮೆ ಕೇಳಿದರೂ ಸಾಕು, ಏಕೆಂದರೆ ಅವರ ವಿಳಾಸ ಸರಿಯಿದೆಯೆಂಬುದು ಬಿಲ್ ತಲುಪಿದಾಗಲೇ ಗೊತ್ತಾಗಿರುತ್ತದೆ. ಖಚಿತಪಡಿಸುವ ಪತ್ರವನ್ನು ಮಾತ್ರ ಯಂತ್ರದ ಭಾಷೆಯಲ್ಲಿ ಬಿಡಬೇಡಿ. ‘ನಿಮ್ಮ ಚಂದಾದಾರಿಕೆಯನ್ನು ದೃಢೀಕರಿಸಿ’ ಎಂಬ ಸಿದ್ಧ ಶೀರ್ಷಿಕೆಗಿಂತ ‘ಚೈನು ಅಳೆಯುವ ಪತ್ರ ಸಿದ್ಧವಿದೆ, ಒಮ್ಮೆ ಹೌದೆನ್ನಿ’ ಎಂಬುದು ಮನುಷ್ಯರು ಬರೆದಂತೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಕೊಟ್ಟ ಮಾತನ್ನೇ ಅದು ನೆನಪಿಸುತ್ತದೆ.

ಸೇರಿದ ಮೊದಲ ಗಂಟೆಯಲ್ಲಿ ಹೋಗುವ ಸ್ವಾಗತ ಪತ್ರದ ಬಗ್ಗೆಯೂ ಇಲ್ಲೇ ಹೇಳಬೇಕು. ಓದುಗರ ಗಮನ ನಿಮ್ಮ ಮೇಲೆ ಇಷ್ಟು ನೆಟ್ಟಿರುವ ಗಳಿಗೆ ಮತ್ತೊಂದು ಬರುವುದಿಲ್ಲ. ಅದರಲ್ಲಿ ಹೇಳಿದ್ದನ್ನು ಕೊಟ್ಟುಬಿಡಿ, ಬಳಿಕ ಒಂದೇ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಸೈಕಲ್ಲಿನಲ್ಲಿ ಈಗ ಕಾಡುತ್ತಿರುವ ತೊಂದರೆ ಯಾವುದು? ಈ ಪತ್ರಕ್ಕೆ ಉತ್ತರಿಸಿ, ನಾವೇ ಓದುತ್ತೇವೆ.’ ಬರುವ ಉತ್ತರಗಳೇ ಮುಂದಿನ ಐದಾರು ಪತ್ರಗಳಿಗೆ ವಿಷಯ ಒದಗಿಸುತ್ತವೆ. ಉತ್ತರ ಬರೆದ ವಿಳಾಸವನ್ನು ಮೇಲ್ ವ್ಯವಸ್ಥೆಗಳು ಪರಿಚಿತರೆಂದು ನೋಡುವುದರಿಂದ, ಆ ಓದುಗರಿಗೆ ಮುಂದಿನ ಪತ್ರಗಳು ನೇರ ಇನ್‌ಬಾಕ್ಸ್ ಸೇರುವ ಸಂಭವವೂ ಹೆಚ್ಚು. ‘ಇದಕ್ಕೆ ಉತ್ತರಿಸಬೇಡಿ’ ಎಂಬ ವಿಳಾಸದಿಂದ ಸುದ್ದಿಪತ್ರ ಕಳಿಸುವುದು ಮನೆಗೆ ಕರೆದು ಬಾಯಿ ತೆರೆಯಬೇಡಿ ಎಂದಂತೆ.

ತಂತ್ರಾಂಶ: ಮೂರು ಕುಲಗಳು

ಹೆಸರುಗಳು ಹತ್ತಾರಿದ್ದರೂ ಕುಲಗಳು ಮೂರೇ. 2001ರಲ್ಲಿ ಆರಂಭವಾದ ಮೇಲ್‌ಚಿಂಪ್, ಮೇಲರ್‌ಲೈಟ್, ಬ್ರೆವೊ ಮುಂತಾದವು ಮಾರಾಟಕ್ಕೆಂದು ಹುಟ್ಟಿದವು. ಯಾರು ಏನು ಕೊಂಡರು ಎಂಬುದರ ಮೇಲೆ ಪಟ್ಟಿಯನ್ನು ವಿಂಗಡಿಸುವುದು, ಅರ್ಧಕ್ಕೆ ಬಿಟ್ಟ ಖರೀದಿಯನ್ನು ನೆನಪಿಸುವುದು, ಆನ್‌ಲೈನ್ ಅಂಗಡಿಯ ತಂತ್ರಾಂಶದೊಡನೆ ಜೋಡಿಸುವುದು ಇವುಗಳ ಬಲ. 2017ರಲ್ಲಿ ಬಂದ ಸಬ್‌ಸ್ಟ್ಯಾಕ್, 2021ರ ಬೀಹೈವ್, ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವೊಂದು ನಡೆಸುವ ಘೋಸ್ಟ್ ಇವು ಬರಹವನ್ನೇ ಸರಕಾಗಿ ಉಳ್ಳವರಿಗೆ ಹೊಂದುತ್ತವೆ. ಸಬ್‌ಸ್ಟ್ಯಾಕ್ ಉಚಿತ ಪತ್ರಕ್ಕೆ ಶುಲ್ಕ ಪಡೆಯದೆ, ಹಣ ಕೊಟ್ಟು ಓದುವವರಿಂದ ಬಂದ ಆದಾಯದಲ್ಲಿ ಶೇಕಡ 10 ಇಟ್ಟುಕೊಳ್ಳುತ್ತದೆ. ಸರಕು ಮಾರುವ ಉದ್ಯಮಕ್ಕೆ ಇದು ಅಗ್ಗವೆನಿಸಬಹುದು, ಆದರೆ ಗಿರಾಕಿಗಳ ಖರೀದಿಯ ಇತಿಹಾಸದೊಡನೆ ಪಟ್ಟಿಯನ್ನು ಬೆಸೆಯಲು ಅಲ್ಲಿ ಹೆಚ್ಚು ಅನುಕೂಲವಿಲ್ಲ. ಮೂರನೆಯ ಕುಲ ಲಿಸ್ಟ್‌ಮಾಂಕ್‌ನಂಥ ಮುಕ್ತ ತಂತ್ರಾಂಶ. ಅದನ್ನು ನಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡು, ಪತ್ರ ಸಾಗಿಸುವ ಕೆಲಸವನ್ನು ಮಾತ್ರ ಬೇರೊಂದು ಸೇವೆಗೆ ವಹಿಸಬಹುದು. ಸರ್ವರ್ ನೋಡಿಕೊಳ್ಳುವವರು ಮನೆಯಲ್ಲೇ ಇದ್ದರೆ ದೊಡ್ಡ ಪಟ್ಟಿಗೆ ಇದಕ್ಕಿಂತ ಮಿತವ್ಯಯದ ದಾರಿಯಿಲ್ಲ. ಇಲ್ಲದಿದ್ದರೆ ಈ ತಲೆನೋವು ಬೇಡ.

ಶುಲ್ಕದ ಲೆಕ್ಕವನ್ನು ಸಣ್ಣಕ್ಷರದಲ್ಲಿ ಓದಬೇಕು. ಕೆಲವರು ಪಟ್ಟಿಯಲ್ಲಿರುವ ತಲೆಗಳನ್ನು ಎಣಿಸುತ್ತಾರೆ, ಕೆಲವರು ಕಳಿಸಿದ ಪತ್ರಗಳನ್ನು. ದೊಡ್ಡ ಪಟ್ಟಿಗೆ ಅಪರೂಪಕ್ಕೆ ಕಳಿಸುವವರಿಗೆ ಎರಡನೆಯದು ಲಾಭ, ಸಣ್ಣ ಪಟ್ಟಿಗೆ ವಾರಕ್ಕೆರಡು ಸಲ ಕಳಿಸುವವರಿಗೆ ಮೊದಲನೆಯದು. ತಲೆ ಎಣಿಸುವವರಲ್ಲೂ ಕೆಲವರು ಚಂದಾ ಬಿಟ್ಟುಹೋದವರನ್ನೂ ಸೇರಿಸಿಯೇ ಎಣಿಸುತ್ತಾರೆ.

ಶುಲ್ಕಕ್ಕಿಂತ ನಾನು ಹೆಚ್ಚು ತೂಕ ಕೊಡುವುದು ಹೊರಬರುವ ದಾರಿಗೆ. ರೆವ್ಯೂ ಎಂಬ ಸೇವೆಯನ್ನು ಟ್ವಿಟರ್ 2021ರ ಜನವರಿಯಲ್ಲಿ ಕೊಂಡು, 2023ರ ಜನವರಿಯಲ್ಲಿ ಮುಚ್ಚಿತು. ಮೇಲ್‌ಚಿಂಪ್ ಒಡೆತನದ ಟೈನಿಲೆಟರ್ 2024ರ ಫೆಬ್ರವರಿ ಕೊನೆಗೆ ನಿಂತುಹೋಯಿತು. ವಿಳಾಸಗಳನ್ನೂ ಸೇರಿದ ದಿನಾಂಕಗಳನ್ನೂ ಒಂದು ಸರಳ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ, ಮೂರು ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳುವವರು ಇಂಥ ಸುದ್ದಿ ಬಂದಾಗ ಗಾಬರಿಯಾಗಬೇಕಿಲ್ಲ.

ಯಾವುದನ್ನೇ ಆರಿಸಿಕೊಂಡರೂ, ಪತ್ರ ನಿಮ್ಮದೇ ಡೊಮೈನಿನಿಂದ ಹೋಗಲಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಳಿಸುವವರ ಮೇಲೆ ಬಿಗಿ ನಿಯಮಗಳನ್ನು ತಂದಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಪತ್ರ ನಿಜವಾಗಿ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಗುರುತಿನ ದಾಖಲೆಗಳನ್ನು ಡೊಮೈನಿನಲ್ಲಿ ಇಟ್ಟಿರಬೇಕು, ಒಂದೇ ಒತ್ತಿಗೆ ಚಂದಾ ರದ್ದಾಗುವ ಏರ್ಪಾಡು ಮಾಡಿರಬೇಕು. ಅಷ್ಟು ಕಳಿಸದವರಿಗೂ ಮೊದಲಿನೆರಡರಲ್ಲಿ ಒಂದಾದರೂ ಇರಲೇಬೇಕು, ಮೂರನ್ನೂ ಹಾಕಿಕೊಳ್ಳುವುದು ಒಳಿತು. ಅರ್ಧ ದಿನದ ಕೆಲಸ, ಒಮ್ಮೆ ಮಾಡಿದರೆ ಮುಗಿಯಿತು. ಸ್ಪ್ಯಾಮ್ ಎಂದು ದೂರಿದವರ ಪ್ರಮಾಣ ಶೇಕಡ 0.3ನ್ನು ಮುಟ್ಟಬಾರದು, ಸಾಧ್ಯವಾದಷ್ಟೂ 0.1ರ ಕೆಳಗಿರಬೇಕು ಎಂಬುದು ಜಿಮೇಲಿನ ಸೂಚನೆ. ಇದನ್ನು ಸಣ್ಣ ಪಟ್ಟಿಗೆ ಇಳಿಸಿ ನೋಡಿ: ಸಾವಿರ ಪತ್ರ ಇನ್‌ಬಾಕ್ಸ್ ಸೇರಿದರೆ ಮೂವರ ಕೋಪವೇ ಗಡಿ ಮುಟ್ಟಿಸುತ್ತದೆ. ಚಂದಾ ರದ್ದು ಮಾಡುವ ಕೊಂಡಿಯನ್ನು ಬೂದು ಬಣ್ಣದ ಇರುವೆ ಗಾತ್ರದ ಅಕ್ಷರದಲ್ಲಿ ಅಡಗಿಸಿಡುವವರು ಈ ಲೆಕ್ಕವನ್ನು ಮಾಡಿ ನೋಡಿರಲಾರರು. ಹೊರಹೋಗುವ ಬಾಗಿಲು ಕಾಣದವರು ಪಕ್ಕದಲ್ಲೇ ಇರುವ ‘ಸ್ಪ್ಯಾಮ್’ ಗುಂಡಿಯನ್ನು ಒತ್ತುತ್ತಾರೆ.

ಎಷ್ಟು ಸಲ, ಯಾವ ರೂಪದಲ್ಲಿ

ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂಬುದು ನಿಮ್ಮಲ್ಲಿ ಹೇಳುವ ವಿಷಯ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ತಿಂಗಳಿಗೊಮ್ಮೆಗಿಂತ ಕಡಿಮೆಯಾದರೆ ಓದುಗರು ಸೇರಿದ್ದನ್ನೇ ಮರೆಯುತ್ತಾರೆ. ಮರೆತವರೇ ಹೆಚ್ಚಾಗಿ ದೂರುವವರು. ವಾರಕ್ಕೊಮ್ಮೆ ಎಂದು ಘೋಷಿಸಿ ಮೂರನೆಯ ವಾರಕ್ಕೆ ಬರೆಯಲು ಏನೂ ಇಲ್ಲದೆ ‘ಈ ವಾರದ ಕೊಡುಗೆಗಳು’ ಎಂದು ಕಳಿಸುವುದಕ್ಕಿಂತ, ತಿಂಗಳಿಗೆ ಎರಡು ಎಂದು ಹೇಳಿ ತಪ್ಪದೆ ಕಳಿಸುವುದನ್ನು ನಾನು ಆರಿಸಿಕೊಳ್ಳುತ್ತೇನೆ. ಯಾವ ದಿನ, ಯಾವ ಗಂಟೆ ಎಂಬ ಚರ್ಚೆಗೆ ಅಗತ್ಯಕ್ಕಿಂತ ಹೆಚ್ಚು ಶಾಯಿ ಖರ್ಚಾಗಿದೆ. ಒಂದು ದಿನವನ್ನು ಹಿಡಿದುಕೊಳ್ಳಿ, ಸಾಕು.

ಚಿತ್ರಗಳಿಂದ ಅಲಂಕರಿಸಿದ ವಿನ್ಯಾಸ ಒಂದೆಡೆ, ಸ್ನೇಹಿತರಿಗೆ ಬರೆದಂಥ ಸಾದಾ ಅಕ್ಷರದ ಪತ್ರ ಇನ್ನೊಂದೆಡೆ. ಕಣ್ಣಿಂದ ನೋಡಿ ಕೊಳ್ಳುವ ಬಟ್ಟೆ, ಪಿಂಗಾಣಿ, ಪೀಠೋಪಕರಣಗಳಿಗೆ ಚಿತ್ರ ಬೇಕೇ ಬೇಕು. ಸಲಹೆ, ಲೆಕ್ಕಪತ್ರ, ದುರಸ್ತಿ, ತರಬೇತಿಯಂಥ ಸೇವೆಗಳಿಗೆ ಸಾದಾ ಪತ್ರವೇ ಹೆಚ್ಚು ಒಪ್ಪುತ್ತದೆ, ಅದಕ್ಕೆ ಉತ್ತರ ಬರೆಯಲು ಓದುಗರಿಗೆ ಸಂಕೋಚವೂ ಆಗುವುದಿಲ್ಲ. ಇಡೀ ಪತ್ರವನ್ನೇ ಒಂದು ದೊಡ್ಡ ಚಿತ್ರವಾಗಿ ಮಾಡಿ ಕಳಿಸುವ ಅಭ್ಯಾಸ ಮಾತ್ರ ಯಾರಿಗೂ ಬೇಡ. ಚಿತ್ರ ಮೂಡದ ಕಡೆ ಅಲ್ಲಿ ಓದಲು ಏನೂ ಉಳಿಯುವುದಿಲ್ಲ. ಇನ್ನೊಂದು ಮಿತಿ ಬಹಳ ಮಂದಿಗೆ ಗೊತ್ತಿಲ್ಲ: ಪತ್ರದ ವಿನ್ಯಾಸಕ್ಕೆ ಬಳಸಿದ ಎಚ್‌ಟಿಎಂಎಲ್ ಸಂಕೇತಗಳೂ ಪಠ್ಯವೂ ಸೇರಿ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ, ‘ಪೂರ್ತಿ ನೋಡಿ’ ಎಂಬ ಕೊಂಡಿಯ ಹಿಂದೆ ಇಡುತ್ತದೆ. ರೋಮನ್ ಅಕ್ಷರವೊಂದು ಒಂದು ಬೈಟ್ ಹಿಡಿಯುವಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆ ಮೂರು ಬೈಟ್ ಹಿಡಿಯುವುದರಿಂದ, ಕನ್ನಡದಲ್ಲಿ ಬರೆಯುವವರು ಈ ಗೋಡೆಗೆ ಬೇಗ ತಗಲುತ್ತಾರೆ. ಚಂದಾ ರದ್ದಿನ ಕೊಂಡಿ ಇರುವುದು ಪತ್ರದ ಅಡಿಯಲ್ಲಾದ್ದರಿಂದ ಮೊದಲು ಮರೆಯಾಗುವುದೂ ಅದೇ.

ಯಾವ ಅಂಕಿಯನ್ನು ನಂಬುವುದು

ಎಷ್ಟು ಮಂದಿ ತೆರೆದರು ಎಂಬ ಅಂಕಿ ಎಲ್ಲ ತಂತ್ರಾಂಶಗಳಲ್ಲೂ ದೊಡ್ಡಕ್ಷರದಲ್ಲಿ ಹೊಳೆಯುತ್ತದೆ, ಆದರೆ ಅದನ್ನು ಮೊದಲಿನಂತೆ ನಂಬಲಾಗದು. ಪತ್ರದಲ್ಲಿ ಅಡಗಿಸಿದ ಕಣ್ಣಿಗೆ ಕಾಣದ ಒಂದು ಚುಕ್ಕೆಚಿತ್ರ ಲೋಡ್ ಆದಾಗ ತೆರೆದರೆಂದು ಎಣಿಸುವ ಪದ್ಧತಿ ಅದು. 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ಗೆ ಖಾಸಗಿತನದ ರಕ್ಷಣೆ ಸೇರಿಸಿದ ಮೇಲೆ, ಆ ರಕ್ಷಣೆ ಇಟ್ಟುಕೊಂಡವರು ಪತ್ರ ಓದಲಿ ಬಿಡಲಿ, ಚಿತ್ರಗಳು ಮುಂಚೆಯೇ ಇಳಿದುಬಿಡುತ್ತವೆ. ಓದದವರೂ ಓದಿದವರ ಸಾಲಿಗೆ ಸೇರುತ್ತಾರೆ. ಕೊಂಡಿ ಒತ್ತಿದವರ ಎಣಿಕೆ ಇದಕ್ಕಿಂತ ಮೇಲು, ಆದರೂ ಕಚೇರಿಗಳ ಸುರಕ್ಷಾ ತಂತ್ರಾಂಶಗಳು ಕೊಂಡಿಗಳನ್ನೆಲ್ಲ ತಾವೇ ಒತ್ತಿ ಪರೀಕ್ಷಿಸುವುದರಿಂದ ಅದೂ ಪೂರ್ತಿ ಶುದ್ಧವಲ್ಲ. ಪಟ್ಟಿ ಕೆಲವು ನೂರು ಅಥವಾ ಒಂದೆರಡು ಸಾವಿರದ್ದಾದರೆ ನಾನು ನೋಡುವುದು ಬಂದ ಉತ್ತರಗಳನ್ನು, ಪತ್ರದ ನಂತರದ ವಿಚಾರಣೆ ಮತ್ತು ಖರೀದಿಗಳನ್ನು, ಪ್ರತಿ ಬಾಗಿಲಿನಿಂದ ಬಂದವರಲ್ಲಿ ಆರು ತಿಂಗಳ ಬಳಿಕ ಉಳಿದವರನ್ನು. ಮೂರನೆಯದನ್ನು ನೋಡಬೇಕಾದರೆ ಯಾರು ಯಾವ ಬಾಗಿಲಿನಿಂದ ಬಂದರೆಂಬ ಗುರುತನ್ನು ಸೇರುವಾಗಲೇ ಹಾಕಿರಬೇಕು; ಆಮೇಲೆ ಹಾಕಲು ಬರುವುದಿಲ್ಲ. ಶೀರ್ಷಿಕೆಗಳನ್ನು ಎರಡು ಬಗೆ ಮಾಡಿ ಪರೀಕ್ಷಿಸುವ ಆಟ ಸಣ್ಣ ಪಟ್ಟಿಗೆ ವ್ಯರ್ಥ, ಇನ್ನೂರು ಇನ್ನೂರು ಜನರಲ್ಲಿ ಕಾಣುವ ವ್ಯತ್ಯಾಸ ಬಹುತೇಕ ಕಾಕತಾಳೀಯವೇ ಆಗಿರುತ್ತದೆ.

ಮೌನವಾಗಿರುವವರನ್ನು ಏನು ಮಾಡುವುದೆಂಬುದು ಉಳಿಯಿತು. ಹಾಗೇ ಇಟ್ಟುಕೊಂಡರೆ ಶುಲ್ಕವೂ ಅಪಾಯವೂ ಬೆಳೆಯುತ್ತವೆ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆಯಾದ್ದರಿಂದ ಹಳೆಯ ವಿಳಾಸಗಳಿಗೆ ಕಳಿಸಿದ್ದು ತಿರುಗಿ ಬರುವುದೂ ಹೆಚ್ಚುತ್ತದೆ. ತೆರೆದಿಲ್ಲವೆಂಬ ಒಂದೇ ಕಾರಣಕ್ಕೆ ತೆಗೆದುಹಾಕಿದರೆ, ಚಿತ್ರಗಳು ಲೋಡ್ ಆಗದಂತೆ ಇಟ್ಟುಕೊಂಡು ಓದುವವರಿಗೆ ಅನ್ಯಾಯವಾಗುತ್ತದೆ, ಚುಕ್ಕೆಚಿತ್ರದ ಎಣಿಕೆಯಲ್ಲಿ ಅವರು ಕಾಣುವುದೇ ಇಲ್ಲ. ವರ್ಷಕ್ಕೊಮ್ಮೆ, ಒಂದು ಕೊಂಡಿಯನ್ನೂ ಒತ್ತದವರಿಗೆ, ಏನನ್ನೂ ಕೊಳ್ಳದವರಿಗೆ, ಉತ್ತರಿಸದವರಿಗೆ ಎರಡು ಸಾಲಿನ ಪತ್ರ ಬರೆಯುವುದು ಮಧ್ಯದ ದಾರಿ: ‘ಈ ಪತ್ರಗಳು ಇನ್ನೂ ಬೇಕಿದ್ದರೆ ಇಲ್ಲಿ ಒತ್ತಿ. ಒತ್ತದಿದ್ದರೆ ನಾವೇ ನಿಲ್ಲಿಸುತ್ತೇವೆ, ಬೇಸರವಿಲ್ಲ.’ ಹೇಳಿದಂತೆ ನಿಲ್ಲಿಸಲೂ ಬೇಕು.

ನಿಲ್ಲಿಸಿದವರ ಪಟ್ಟಿಯನ್ನು ಮಾತ್ರ ಅಳಿಸಬಾರದು. ಪುಸ್ತಕ ಕಟ್ಟುವ ಪುಟ್ಟ ಉದ್ಯಮವೊಂದರ ಸುದ್ದಿಪತ್ರವನ್ನು ನಾನು ನೋಡಿಕೊಳ್ಳುತ್ತಿದ್ದಾಗ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಿಳಾಸಗಳನ್ನು ಸಾಗಿಸಿದೆ. ಹಳೆಯ ಕಡತವನ್ನು ಇಡಿಯಾಗಿ ಏರಿಸಿದೆನೇ ಹೊರತು, ಚಂದಾ ರದ್ದು ಮಾಡಿದವರ ಹೆಸರುಗಳೂ ಅದರೊಳಗೇ ಇದ್ದದ್ದನ್ನು ಗಮನಿಸಲಿಲ್ಲ. ಮೊದಲ ಪತ್ರ ಅವರಿಗೂ ಹೋಯಿತು. ಬಂದ ಉತ್ತರಗಳಲ್ಲಿ ಒಂದು ಇಷ್ಟೇ ಇತ್ತು: ‘ನಾನು ಎರಡು ವರ್ಷದ ಹಿಂದೆಯೇ ವಿದಾಯ ಹೇಳಿದ್ದೆನಲ್ಲ?’ ಅಂದು ಸಂಜೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ. ಅಂದಿನಿಂದ ಹೊರಟುಹೋದವರ ವಿಳಾಸಗಳಿಗೆ ಪ್ರತ್ಯೇಕ ಕಡತವೊಂದಿದೆ. ಹೊಸ ತಂತ್ರಾಂಶಕ್ಕೆ ಮೊದಲು ಏರುವುದು ಅದು, ಓದುಗರ ಪಟ್ಟಿ ಅದರ ನಂತರ.